ಕುಡೀತೀರಾ ಅಂತ ಡಾಕ್ಟರು ಕೇಳಿದರೆ

ಸ್ಕಾಟ್ಲೆಂಡನ್ನು ಹೊಗಳಲು ನನಗೇನೂ ಆತುರವಿಲ್ಲ. ಡ್ರಗ್ಸ್ ಸಾವಿನಲ್ಲಿ ಯುರೋಪಿನಲ್ಲೇ ಕೆಟ್ಟ ಹೆಸರು ಈ ನಾಡಿನದು. 2020ರಲ್ಲಿ 1,339 ಜನ ಸತ್ತರು, ಅದೂ ಬೆಂಗಳೂರಿನ ಅರ್ಧದಷ್ಟೂ ಜನವಿಲ್ಲದ ಕಡೆ. ಆದರೂ ಗ್ಲಾಸ್ಗೋದಲ್ಲಿ ಇದ್ದು ನೋಡಿದ ಮೇಲೆ ಒಂದು ವಿಷಯದಲ್ಲಿ ಇವರೇ ಸರಿ ಅನಿಸಿದೆ. ಚಟ ಇದೆ ಅಂತ ಬಾಯಿಬಿಟ್ಟು ಹೇಳಿದರೆ ಆಸ್ಪತ್ರೆ ಬಿಲ್ಲು ತಲೆ ಮೇಲೆ ಬೀಳುವುದಿಲ್ಲ.

ನಮ್ಮ ಬೀದಿಯ ಔಷಧಿ ಅಂಗಡಿಯನ್ನೇ ನೋಡಿ. ನಾನು ಬಿಪಿ ಮಾತ್ರೆಗೆ ನಿಲ್ಲುವ ಸಾಲಿನಲ್ಲೇ ಹೆರಾಯಿನ್ ಬಿಡುತ್ತಿರುವವರೂ ನಿಲ್ಲುತ್ತಾರೆ. ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಹೆರಾಯಿನ್ ಬದಲಿಗೆ ಕೊಡುವ ಹಸಿರು ಬಣ್ಣದ ಔಷಧಿ ಮೆಥಡೋನ್, ಅದರ ಮೇಲೆ ಒಂದಿಷ್ಟು ನೀರು. ಅಂಗಡಿಯಾಕೆಯ ಎದುರೇ ಕುಡಿದು ಹೋಗಬೇಕು. ಇಬ್ಬರಿಗೂ ದುಡ್ಡು ಕೇಳುವುದಿಲ್ಲ.

ಕುಡಿತದ ವಿಷಯವೂ ಹಾಗೇ. ವಾರ್ಡಿಗೆ ಸೇರಿದವರನ್ನು ಎಷ್ಟು ಕುಡೀತೀರಿ ಅಂತ ಕೇಳುತ್ತಾರೆ. ಜಾಸ್ತಿ ಅಂದರೆ ಕುಡಿತ ಒಮ್ಮೆಗೇ ನಿಂತಾಗ ಆಗುವ ತೊಂದರೆಗಳ ಪಟ್ಟಿ ಹಿಡಿದು ನರ್ಸ್ ಆಗಾಗ ಬಂದು ನೋಡುತ್ತಾರೆ. ಕೈ ನಡುಕ, ಬೆವರು, ಭ್ರಮೆ, ಎಲ್ಲಿದ್ದೇನೆ ಅನ್ನುವ ಅರಿವು, ಚಡಪಡಿಕೆ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು ನೋಡಿ ಆ ತೊಂದರೆ ತಗ್ಗಿಸುವ ಡಯಾಜೆಪಾಮ್ ಔಷಧಿ ಕೊಡುತ್ತಾರೆ, ಜೊತೆಗೆ ಬಿ1 ವಿಟಮಿನ್. ಈ ಪಟ್ಟಿಗೆ ಗ್ಲಾಸ್ಗೋ ಹೆಸರೇ ಇದೆ.

ಇನ್ನು ನಮ್ಮ ಕಡೆಯ ಕಥೆ. ಚಿಕ್ಕಪ್ಪ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು. ಆಪರೇಷನ್ ಚೆನ್ನಾಗೇ ಆಯಿತು. ಮೂರನೇ ದಿನ ಕೈ ನಡುಗತೊಡಗಿತು, ರಾತ್ರಿ ಗೋಡೆ ಮೇಲೆಲ್ಲ ಇರುವೆ ಹರಿಯುತ್ತಿದೆ ಅಂತ ಕಿರುಚಾಟ. ಬ್ಯಾಂಡೇಜ್ ಬಟ್ಟೆಯಲ್ಲಿ ಕೈ ಎರಡನ್ನೂ ಮಂಚಕ್ಕೆ ಕಟ್ಟಿದರು. ಚಿಕ್ಕಮ್ಮ ಫೋನಿನಲ್ಲಿ ಅಳುತ್ತಾ ಹೇಳಿದರು: "ಡಾಕ್ಟ್ರು ಕೇಳಿದಾಗ ಕುಡಿಯಲ್ಲ ಅಂದ್ಬಿಟ್ಟೆ ಕಣೋ. ಕುಡಿತ ಅಂತ ಬರೆದ್ರೆ ಇನ್ಶೂರೆನ್ಸ್ ಸಿಗಲ್ಲ ಅಂದ್ರು." ದಿನಾ ಕುಡಿಯುವವರಿಗೆ ಒಮ್ಮೆಗೇ ನಿಂತರೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಅದು ಡಾಕ್ಟರಿಗೆ ಗೊತ್ತಿತ್ತು. ಇವರು ಕುಡಿಯುತ್ತಾರೆ ಅನ್ನುವುದು ಗೊತ್ತಿರಲಿಲ್ಲ. ಕೊನೆಗೆ ಕೇಸ್ ಶೀಟಿನಲ್ಲಿ ಆಲ್ಕೋಹಾಲ್ ಅಂತ ಬಂದೇ ಬಂತು, ಕ್ಲೇಮೂ ಹೋಯಿತು.

ಚಿಕ್ಕಮ್ಮನನ್ನು ಬೈದು ಏನು ಪ್ರಯೋಜನ? ನಮ್ಮ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಕುಡಿತ, ಡ್ರಗ್ಸ್, ಅವುಗಳಿಂದ ಆದ ತೊಂದರೆಗೆ ಹಣ ಕೊಡುವುದಿಲ್ಲ ಅನ್ನುವ ಸಾಲು ಮಾಮೂಲು. ತಮಾಷೆ ಏನೆಂದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್ ಚಟದಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆ ಅಂತಲೇ ಲೆಕ್ಕ ಹಾಕುತ್ತದೆ. ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಯಂತೆಯೇ ವಿಮೆ ಇರಬೇಕು ಅನ್ನುವುದೂ ಅದರಲ್ಲೇ ಇದೆ.

ನಮ್ಮಲ್ಲಿ ಒಳ್ಳೆಯದಿಲ್ಲ ಅಂತಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗವಿದೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಲ್ಲಿ ಊರವರೇ ಮುಂದೆ ನಿಂತು ನೋಡಿಕೊಳ್ಳುತ್ತಾರೆ, ಮನೆಯವರನ್ನೂ ಕರೆಸುತ್ತಾರೆ. ಮೆಥಡೋನ್ ಕುಡಿದು ಒಬ್ಬನೇ ಮಳೆಯಲ್ಲಿ ನಡೆದುಹೋಗುವ ಗ್ಲಾಸ್ಗೋದವನಿಗೆ ಆ ಊರಿನ ಬಲ ಎಲ್ಲಿದೆ? ವರ್ಷಗಟ್ಟಲೆ ಅದೇ ಲೋಟಕ್ಕೆ ಬರುವವರೂ ಇಲ್ಲಿ ಇದ್ದಾರೆ.

ಕುಡುಕನ ಖರ್ಚು ನಾವ್ಯಾಕೆ ಹೊರಬೇಕು ಅಂತ ಕೇಳುವವರಿದ್ದಾರೆ. ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ್ದೇ ನಿಗಮದ ಕೈಯಲ್ಲಿದೆ. ಚಿಕ್ಕಪ್ಪ ಕುಡಿದ ಒಂದೊಂದು ಬಾಟಲಿಗೂ ಅಬಕಾರಿ ಸುಂಕ ಕಟ್ಟಿದ್ದಾರೆ ಅಲ್ವಾ? ಮೊದಲು ವಿಮೆಯ ಆ ಸಾಲು ತೆಗೆಸಲಿ. ಜೊತೆಗೆ ಮೂಳೆ ವಾರ್ಡಿನ ನರ್ಸುಗಳ ಕೈಗೂ ಅಂಥದ್ದೊಂದು ಪಟ್ಟಿ ಕೊಡಲಿ.