ಗುಂಡಿಗೆಷ್ಟು ಸೆಂಟು?

ಮಗಳು 4-ಎಚ್ ಎಂಬ ಮಕ್ಕಳ ಕ್ಲಬ್ಬಿನ ರೈಫಲ್ ತಂಡ ಸೇರಿ ಎರಡು ವರ್ಷವಾಯಿತು. ಡಲ್ಲಾಸಿನ ಹೊರವಲಯದಲ್ಲಿ ನಮ್ಮ ಮನೆ. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಪ್ಪ-ಮಗಳು ಶೂಟಿಂಗ್ ರೇಂಜಿಗೆ ಹೊರಡುತ್ತೇವೆ. ವಾರಕ್ಕೆ ನೂರು ಗುಂಡು ಅಂದುಕೊಂಡರೂ ವರ್ಷಕ್ಕೆ ಐದು ಸಾವಿರ ಮುಟ್ಟುತ್ತದೆ. ಗುಂಡಿಗೆ ಮೂರು ಸೆಂಟು ಹೆಚ್ಚು ಕೊಟ್ಟರೆ ವರ್ಷದ ಕೊನೆಗೆ ನೂರೈವತ್ತು ಡಾಲರ್ ಕೈಬಿಟ್ಟಿರುತ್ತದೆ. ಹಾಗಾಗಿ ನನ್ನ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇದೆ. ಯಾವ ಅಂಗಡಿ, ಯಾವ ತಾರೀಖು, ಡಬ್ಬಿಯಲ್ಲಿ ಎಷ್ಟು, ಬೆಲೆ ಎಷ್ಟು, ಎಲ್ಲ ಅದರಲ್ಲಿ.

ಕಳೆದ ವಾರ ಇಲ್ಲಿನ ಗೆಳೆಯರೊಬ್ಬರು ಫೋನ್ ಮಾಡಿ ಕೇಳಿದರು: "ಸರ್, ನನ್ನ ಮಗನಿಗೂ ಕಲಿಸಬೇಕು ಅಂತಿದೀನಿ. ಪಾಯಿಂಟ್ ಟೂ ಟೂ (.22) ಗುಂಡು ಎಲ್ಲಿ ಅಗ್ಗ? ವಾಲ್‌ಮಾರ್ಟಾ, ಅಕಾಡೆಮಿನಾ, ಬಾಸ್ ಪ್ರೋನಾ?" ಫೋನಿನಲ್ಲಿ ಅರ್ಧ ಹೇಳಿದೆ. ಉಳಿದ ಅರ್ಧ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯ ಹೆಸರಿಗಿಂತ ಮೊದಲು ಡಬ್ಬಿಯ ಮೇಲಿನ ಸಂಖ್ಯೆ ನೋಡಬೇಕು. ಈ ಗುಂಡು 50ರ ಡಬ್ಬಿಯಲ್ಲಿ ಬರುತ್ತದೆ, 100ರಲ್ಲಿ ಬರುತ್ತದೆ, 325, 500, 525, 555 ಹೀಗೆ ಒಂದಕ್ಕೊಂದು ತಾಳೆಯಾಗದ ಲೆಕ್ಕದಲ್ಲೂ ಬರುತ್ತದೆ. ಎರಡು ಡಬ್ಬಿ ಅಕ್ಕಪಕ್ಕ ಇಟ್ಟರೆ ಯಾವುದು ಅಗ್ಗ ಅಂತ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಫೋನ್ ತೆಗೆದು ಭಾಗಿಸಲೇಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಒಂದು ಕಡೆ 325ಕ್ಕೆ 24.99 ಡಾಲರ್, ಅಂದರೆ ಗುಂಡಿಗೆ 7.7 ಸೆಂಟು. ಅದೇ ವಾರ ಆನ್‌ಲೈನ್‌ನಲ್ಲಿ 500ಕ್ಕೆ 32.49, ಗುಂಡಿಗೆ ಆರೂವರೆ ಸೆಂಟು. ಸಿಕ್ಕಿತಲ್ಲ ಅಂತ ಖುಷಿಪಟ್ಟು ಕೊನೆಯ ಪುಟಕ್ಕೆ ಹೋದರೆ ಸಾಗಣೆ 14.99. ಒಟ್ಟು ಸೇರಿಸಿದರೆ ಒಂಬತ್ತೂವರೆ ಸೆಂಟು! ಆನ್‌ಲೈನ್ ಲಾಭ ಬರುವುದು ಒಮ್ಮೆಗೇ ನಾಲ್ಕೈದು ಸಾವಿರ ತರಿಸಿದರೆ, ಇಲ್ಲವೇ ಇಬ್ಬರು ಮೂವರು ಪೋಷಕರು ಸೇರಿ ತರಿಸಿಕೊಂಡರೆ. ಇಲ್ಲಿ ಬಿಲ್ಲಿನ ಮೇಲೆ ಶೇ. 8.25 ಮಾರಾಟ ತೆರಿಗೆ ಬೇರೆ. ಬಿಲ್ಲಿನಲ್ಲಿ ಕಾಣದ ಇನ್ನೊಂದು ತೆರಿಗೆಯೂ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಉದ್ದ ಬಂದೂಕು ಮತ್ತು ಗುಂಡುಗಳ ಮೇಲೆ ಶೇ. 11 ತಯಾರಕರ ಹಂತದಲ್ಲೇ ಹೋಗಿರುತ್ತದೆ. ಆ ಹಣ ವನ್ಯಜೀವಿ ರಕ್ಷಣೆಗೆ, ಬೇಟೆಗಾರರ ತರಬೇತಿಗೆ, ರೇಂಜುಗಳಿಗೆ ಸಲ್ಲುತ್ತದೆ. ಅದನ್ನು ಕೊಡಲು ನನಗೆ ಯಾವತ್ತೂ ಬೇಸರವಾಗಿಲ್ಲ.

ಈಗ ಮುಖ್ಯ ಮಾತು. 7.7 ಸೆಂಟಿನ ಗುಂಡು ನಿಜಕ್ಕೂ 7.7 ಸೆಂಟಿಗೆ ಬೀಳುತ್ತದಾ?

ಕಳೆದ ವರ್ಷ ಅಗ್ಗ ಅಂತ ಒಂದು ದೊಡ್ಡ ಡಬ್ಬಿ ತಂದೆ. ಕಂಪನಿಯ ಹೆಸರು ಬೇಡ. ಮಗಳು ರೈಫಲ್ಲಿನ ಕುದುರೆ (ಟ್ರಿಗರ್) ಎಳೆದಳು, ಟಕ್ ಅಂದಿತು, ಹಾರಲಿಲ್ಲ. ಕಲಿಸಿದ ಹಾಗೆಯೇ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಅಲ್ಲಾಡದೆ ಕೂತಳು. ಆಮೇಲೆ ಬೋಲ್ಟ್ ತೆಗೆದು ಗುಂಡನ್ನು ಹೊರಗೆ ತಂದು ಬಿಸಿಲಿಗೆ ಹಿಡಿದಳು. ಅಂಚಿನ ಮೇಲೆ ಅಕ್ಕಿಕಾಳಿನ ತುದಿಯಷ್ಟು ಸಣ್ಣ ತಗ್ಗು. ರೈಫಲ್ಲಿನ ಪಿನ್ ಸರಿಯಾಗಿಯೇ ಬಡಿದಿದೆ. ತಪ್ಪು ಗುಂಡಿನದು. ಇದು ರಿಮ್‌ಫೈರ್ ಗುಂಡು, ಅಂದರೆ ಕಿಡಿ ಹೊತ್ತಿಸುವ ಮದ್ದು ಹಿತ್ತಾಳೆ ಕೇಸಿನ ತಳದ ಅಂಚಿನೊಳಗೆ ಇರುತ್ತದೆ. ಒದ್ದೆಯಾಗಿ ಹಾಕಿ, ಕೇಸನ್ನು ಗಿರಗಿರನೆ ತಿರುಗಿಸಿ ಅಂಚಿನ ಸುತ್ತಲೂ ಹರಡುತ್ತಾರೆ. ಎಲ್ಲೋ ಒಂದು ಕಡೆ ಮದ್ದು ತಲುಪದೆ ಉಳಿದು, ಪಿನ್ ಅಲ್ಲೇ ಬಡಿದರೆ ಟಕ್ ಅಷ್ಟೆ. ಅವತ್ತು ನೂರರಲ್ಲಿ ಐದು ಹಾಗಾಯಿತು. ಉಳಿದ 95ಕ್ಕೆ ಹಂಚಿದರೆ ಗುಂಡಿಗೆ 8.1 ಸೆಂಟು. ಬರೀ ದುಡ್ಡಾದರೆ ಸಹಿಸಬಹುದು. ಮೂರನೇ ಟಕ್ ಆದ ಮೇಲೆ ಮಗು ಪ್ರತಿ ಸಲ ಕುದುರೆ ಎಳೆಯುವಾಗಲೂ ಹೆಗಲು ಬಿಗಿಹಿಡಿಯಲು ಶುರುಮಾಡಿದಳು. ಆ ಅಭ್ಯಾಸ ಬಿಡಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಅದಾದ ಮೇಲೆ ನಾವು ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿಗೆ ಬಂದೆವು. 50ರ ಡಬ್ಬಿ ಐದು ಡಾಲರಿನ ಆಸುಪಾಸು, ಗುಂಡಿಗೆ ಹತ್ತು ಸೆಂಟು. ವೇಗ ಸೆಕೆಂಡಿಗೆ 1,070 ಅಡಿ, ಶಬ್ದದ ವೇಗಕ್ಕಿಂತ ಕಡಿಮೆ. ದೊಡ್ಡ ಡಬ್ಬಿಯ ಗುಂಡುಗಳು ಸಾಮಾನ್ಯವಾಗಿ 1,200ರ ಮೇಲೆ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ಅಲುಗಾಡುತ್ತವೆ. ಅವಳ ರೈಫಲ್ಲಿನಲ್ಲಿ 50 ಗಜಕ್ಕೆ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಸಿಸಿಐನ ಐದು ತೂತು ಹಳೆಯ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತವೆ, ದೊಡ್ಡ ಡಬ್ಬಿಯವು ಅಂಗೈಯಗಲ ಚದುರುತ್ತವೆ. ಇಂಗ್ಲೆಂಡಿನ ಇಲೀ, ಜರ್ಮನಿಯ ಎಸ್‌ಕೆ ಇನ್ನೂ ಚೆನ್ನ. ಆದರೆ ಬೆಲೆ ಎರಡು ಪಟ್ಟು, ನಾಲ್ಕು ಪಟ್ಟು. ದೊಡ್ಡ ಮಳಿಗೆಗಳ ಶೆಲ್ಫಿನಲ್ಲಿ ಅವು ಕಾಣುವುದೂ ಅಪರೂಪ. ಹದಿಮೂರು ವರ್ಷದವಳ ಅಭ್ಯಾಸಕ್ಕೆ ಅವು ಬೇಕಿಲ್ಲ.

ನಾನು ಮೊದಲ ಸಲ ಈ ಗುಂಡು ಹೊಡೆದದ್ದು ಎನ್‌ಸಿಸಿ ಕ್ಯಾಂಪಿನಲ್ಲಿ. ಹವಾಲ್ದಾರ್ ಸಾಹೇಬರು ಅಂಗೈಗೆ ಐದೇ ಐದು ಎಣಿಸಿ ಹಾಕಿದ್ದರು. ತಳದಲ್ಲಿ ಕೆಎಫ್ ಅನ್ನುವ ಮುದ್ರೆ, ಪುಣೆ ಹತ್ತಿರದ ಖಡ್ಕಿ ಮದ್ದುಗುಂಡು ಕಾರ್ಖಾನೆಯದು. ಹೊಡೆದಾದ ಮೇಲೆ ಐದು ಖಾಲಿ ಖೋಖಾ (ಕೇಸು) ವಾಪಸ್ ಎಣಿಸಿ ಕೊಡಬೇಕು. ಒಂದು ಕಡಿಮೆ ಬಿದ್ದರೆ ಇಡೀ ಸೆಕ್ಷನ್ ಹುಲ್ಲಿನಲ್ಲಿ ಮೊಣಕಾಲೂರಿ ಹುಡುಕಬೇಕು. ಆ ಐದರ ಬೆಲೆ ಎಷ್ಟೆಂದು ಯಾರೂ ಹೇಳಲಿಲ್ಲ, ಆದರೆ ಒಂದೊಂದಕ್ಕೂ ಬೆಲೆಯಿದೆ ಅಂತ ಕೈಗೆ ಗೊತ್ತಾಗಿತ್ತು. ಮಗಳಿಗೂ ಐದೈದೇ ಎಣಿಸಿ ಕೊಡುತ್ತೇನೆ.

ರೈಫಲ್ಲಿನ ಬೆಲೆಯ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಅಷ್ಟು ಬೇಕಿಲ್ಲ. ಮಕ್ಕಳಿಗೆಂದೇ ಮಾಡಿದ, ಒಮ್ಮೆಗೆ ಒಂದೇ ಗುಂಡು ಹಾಕುವ ಸ್ಯಾವೇಜ್ ರಾಸ್ಕಲ್ ಇನ್ನೂರು ಡಾಲರಿನ ಆಚೀಚೆ. 1964ರಿಂದ ಬರುತ್ತಿರುವ ರೂಗರ್ 10/22 ಮುನ್ನೂರರ ಹತ್ತಿರ. ಮಳಿಗೆಯಿಂದ ಮಳಿಗೆಗೆ ಇಪ್ಪತ್ತು ಮೂವತ್ತು ಡಾಲರ್ ಹೆಚ್ಚುಕಡಿಮೆ. ಆನ್‌ಲೈನ್‌ನಲ್ಲಿ ಕೊಂಡರೆ ಅದು ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರವೇ ಬರಬೇಕು, ಅವರ ಫೀಸು ಆ ಉಳಿತಾಯವನ್ನು ನುಂಗುತ್ತದೆ. ಹೇಗಿದ್ದರೂ ಒಂದೇ ವರ್ಷದ ಗುಂಡಿನ ಖರ್ಚು ರೈಫಲ್ಲಿನ ಬೆಲೆಯನ್ನು ದಾಟುತ್ತದೆ.

ದಾಸ್ತಾನು ಮಾಡುವವರ ಮೇಲೆ ಮಾತ್ರ ನನಗೆ ಸಿಟ್ಟಿದೆ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯ ಆ ಘೋರ ಹತ್ಯಾಕಾಂಡದ ಬೆನ್ನಿಗೆ, ಹೊಸ ಕಾನೂನು ಬರುತ್ತದೆಂಬ ಭಯಕ್ಕೆ ಜನ ಕಂಡಕಂಡ ಡಬ್ಬಿ ಬಾಚಿಕೊಂಡರು. ವಾಲ್‌ಮಾರ್ಟ್ ಒಬ್ಬರಿಗೆ ದಿನಕ್ಕೆ ಮೂರೇ ಡಬ್ಬಿ ಅಂತ ಮಿತಿ ಹಾಕಬೇಕಾಯಿತು. 2020ರಲ್ಲೂ ಅದೇ ಕಥೆ. ಬಾಚಿದವರ ಗ್ಯಾರೇಜಿನಲ್ಲಿ ಸಾವಿರಗಟ್ಟಲೆ ಕೂತಿರುವಾಗ ಕ್ಲಬ್ಬಿನ ಮಕ್ಕಳಿಗೆ ಅಭ್ಯಾಸಕ್ಕೆ ಇಲ್ಲ. ಬೆಲೆ ಇಳಿದಾಗ ನಾನೂ ಹೆಚ್ಚು ಕೊಳ್ಳುತ್ತೇನೆ, ಆದರೆ ಒಂದು ಸೀಸನ್‌ಗೆ ಸಾಕಾಗುವಷ್ಟು. ಅದೂ ಬೀಗದ ಪೆಟ್ಟಿಗೆಯಲ್ಲಿ, ರೈಫಲ್ಲಿನಿಂದ ಬೇರೆ ಕೋಣೆಯಲ್ಲಿ.

ಫೋನ್ ಮಾಡಿದ ಗೆಳೆಯರಿಗೆ ಕೊನೆಗೆ ಕೇಳಿದೆ, "ನಿಮ್ಮ ವೀಸಾ ಯಾವುದು?" ಎಚ್-1ಬಿ ಅಂದರು, ಅದು ವಲಸೆಯೇತರ ವೀಸಾ. ದಯವಿಟ್ಟು ಇದನ್ನು ಎಲ್ಲರೂ ಗಮನಿಸಿ. ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕಾಗಲಿ, ಒಂದೇ ಒಂದು ಗುಂಡಾಗಲಿ ಹೊಂದುವುದು ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದೂ ಅದರೊಳಗೇ ಬರುತ್ತದೆ. ರಾಜ್ಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ವಾರಾಂತ್ಯದ ಖುಷಿಗೆ ಹೋಗಿ ಫೋಟೋ ಹಾಕಿಕೊಳ್ಳುವ ನಮ್ಮ ಹುಡುಗರಿಗೆ ಇದು ಗೊತ್ತೇ ಇಲ್ಲ. ನೋಡಿದಾಗಲೆಲ್ಲ ಎದೆ ಧಸಕ್ ಅನ್ನುತ್ತದೆ.

ಏರ್ ರೈಫಲ್ ಈ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ. 4-ಎಚ್‌ನಲ್ಲಿ ಅದರ ತರಗತಿಯೂ ಇದೆ, ಅದರ ಪುಟ್ಟ ಗುಂಡು, ಅಂದರೆ ಪೆಲೆಟ್ಟಿಗೆ, ಎರಡು ಮೂರು ಸೆಂಟು ಬೀಳಬಹುದು. ಅದಕ್ಕೇ ಬರುವ ಶನಿವಾರ ಆ ಗೆಳೆಯರು ಮಗನನ್ನು ಕರೆದುಕೊಂಡು ಬರುತ್ತಾರೆ. ನೋಟ್‌ಬುಕ್ಕಿನಲ್ಲಿ ಅವನಿಗೆಂದು ಒಂದು ಹೊಸ ಪುಟ ತೆಗೆದಿಟ್ಟಿದ್ದೇನೆ.