ಅಪ್ಪನಿಗೆ ನಾವು ಮೀನು ಕೊಡಲಿಲ್ಲ

ಊಟಕ್ಕೆ ಕುಳಿತ ಅಪ್ಪ ಒಂದು ದಿನ "ಮಣೆ ಚುಚ್ಚುತ್ತದೆ" ಎಂದರು. ಮೊಳೆ ಎದ್ದಿರಬಹುದೆಂದು ಅಮ್ಮ ಮಣೆಯ ಮೇಲೆಲ್ಲ ಕೈಯಾಡಿಸಿ ನೋಡಿದರು. ಮೊಳೆ ಇರಲಿಲ್ಲ. ಚುಚ್ಚುತ್ತಿದ್ದದ್ದು ಅಪ್ಪನದೇ ಮೂಳೆ. ನಲವತ್ತು ವರ್ಷ ಅದೇ ಮಣೆಯ ಮೇಲೆ ಕುಳಿತು ಉಂಡವರ ಮಾಂಸ ಕರಗಿಹೋಗಿತ್ತು. ಅಮ್ಮ ಮಾತಾಡದೆ ಹಳೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು.

ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದು ಆಗ ಮೂರು ತಿಂಗಳಾಗಿತ್ತು. 64 ಕಿಲೋ ಇದ್ದವರು 58ಕ್ಕೆ ಇಳಿದಿದ್ದರು. ಆಸ್ಪತ್ರೆಯಲ್ಲಿ ಪ್ರತಿ ಸಲವೂ ತೂಕ ಬರೆದುಕೊಳ್ಳುತ್ತಿದ್ದರು. ಕೀಮೋ ಔಷಧದ ಪ್ರಮಾಣ ಲೆಕ್ಕ ಹಾಕಲು ಅದು ಬೇಕು. ಏಕೆ ಇಳಿಯುತ್ತಿದೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕ್ಯಾನ್ಸರ್ ಬಂದವರು ಸೊರಗುವುದು ಇದ್ದದ್ದೇ ಅಂದುಕೊಂಡೆವು.

ಹಾಗೆ ಅಂದುಕೊಂಡದ್ದೇ ತಪ್ಪು. ಈ ಸೊರಗುವಿಕೆಗೆ ಕ್ಯಾಕೆಕ್ಸಿಯಾ ಎಂಬ ಹೆಸರಿದೆ, ಅದಕ್ಕೆ ಅಳತೆಯೂ ಇದೆ. ಆರು ತಿಂಗಳಲ್ಲಿ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದರೆ, ಮೊದಲೇ ತೆಳ್ಳಗಿದ್ದವರಲ್ಲಿ ಶೇ. 2ಕ್ಕಿಂತ ಹೆಚ್ಚು ಇಳಿದರೆ, ಅದು ಕ್ಯಾಕೆಕ್ಸಿಯಾ ಎಂದು 2011ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಮ್ಮತಕ್ಕೆ ಬಂದರು. ಅಪ್ಪನ ಲೆಕ್ಕದಲ್ಲಿ ಅದು ಮೂರು ಕಿಲೋ ಚಿಲ್ಲರೆ. ಮಣೆ ಚುಚ್ಚುವ ಹೊತ್ತಿಗೆ ನಾವು ಆ ಗಡಿ ದಾಟಿ ಎಷ್ಟೋ ದಿನವಾಗಿತ್ತು.

ಉಪವಾಸ ಇದ್ದವರ ಮೈ ಕೊಬ್ಬನ್ನು ಉರಿಸಿ ಸ್ನಾಯುವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಇಲ್ಲಿ ಆ ಕಾವಲು ಇರುವುದಿಲ್ಲ. ಗಡ್ಡೆಯೂ ಅದರೊಡನೆ ಹೋರಾಡುವ ರೋಗನಿರೋಧಕ ಕೋಶಗಳೂ ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಮುಂತಾದ ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ; ಮೈಯಿಡೀ ಉರಿಯೂತ ಹಬ್ಬುತ್ತದೆ. ಸ್ನಾಯುವಿನ ಪ್ರೋಟೀನು ತುಂಡಾಗುತ್ತದೆ, ಆ ತುಂಡುಗಳನ್ನು ಯಕೃತ್ತು ಉರಿಯೂತದ ಪ್ರೋಟೀನುಗಳನ್ನು ತಯಾರಿಸಲು ಬಳಸಿಕೊಳ್ಳುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಸಿಆರ್‌ಪಿ ಎಂದು ಕಾಣುವುದು ಅಂಥದೊಂದು ಪ್ರೋಟೀನು. ಇವೇ ವಸ್ತುಗಳು ಮಿದುಳನ್ನು ತಲುಪಿ ಹಸಿವನ್ನು ಆರಿಸುತ್ತವೆ. ಅಂದರೆ ಅಪ್ಪ ತಟ್ಟೆ ಸರಿಸಿದ್ದು ಹಟದಿಂದಲ್ಲ. "ನೀವು ಮನಸ್ಸು ಮಾಡಿದರೆ ತಿನ್ನಬಹುದು" ಎಂದು ನಾನು ರೇಗಿದ್ದೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಲಾರೆ.

ನಮ್ಮದು ಕರಾವಳಿಯ ಮನೆ. ಬಂಗುಡೆ, ಬೂತಾಯಿ ಇಲ್ಲದ ಊಟ ಅಪ್ಪನಿಗೆ ಊಟವೇ ಅಲ್ಲ. ಕಾಯಿಲೆ ಗೊತ್ತಾದ ವಾರವೇ ದೊಡ್ಡಮ್ಮ ಬಂದು "ಮೀನು ನಂಜು, ಮುಟ್ಟಿಸಬೇಡಿ" ಎಂದರು. ಇನ್ನೊಬ್ಬರು ಸಕ್ಕರೆ ಬಿಡಿಸಿದರು, ಮತ್ತೊಬ್ಬರು ಹಾಲು. ಎಲ್ಲರದೂ ಪ್ರೀತಿಯೇ. ಕೊನೆಗೆ ಉಳಿದದ್ದು ಗಂಜಿ, ಉಪ್ಪಿನಕಾಯಿಯ ರಸ, ಒಂದಿಷ್ಟು ಹಣ್ಣು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಒಂದು ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಮ್ ಪ್ರೋಟೀನು ಬೇಕು ಎನ್ನುತ್ತದೆ ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ. ಅಪ್ಪನಿಗೆ ಅದು 60ರಿಂದ 90 ಗ್ರಾಮ್. ಗಂಜಿಯಲ್ಲಿ ಅದು ಎಲ್ಲಿಂದ ಬರಬೇಕು?

ನಂಜೆಂದು ನಾವು ದೂರವಿಟ್ಟ ಮೀನಿನ ಎಣ್ಣೆಯಲ್ಲಿಯೇ ಇಪಿಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಇದೆ ಎಂದು ಓದಿದಾಗ ನನಗಾದ ಸಂಕಟ ಹೇಳಿ ತೀರದು. ಕೋಶದ ಪೊರೆಯಲ್ಲಿರುವ ಅರಾಕಿಡೋನಿಕ್ ಆಮ್ಲ ಎಂಬ ಇನ್ನೊಂದು ಕೊಬ್ಬಿನಾಮ್ಲದಿಂದ ಉರಿಯೂತ ಕೆರಳಿಸುವ ಪ್ರೋಸ್ಟಾಗ್ಲಾಂಡಿನುಗಳು ಹುಟ್ಟುತ್ತವೆ. ಇಪಿಎ ಅದೇ ಜಾಗದಲ್ಲಿ ಸೇರಿಕೊಂಡು, ಅದೇ ಕಿಣ್ವಗಳಿಗಾಗಿ ಆ ಆಮ್ಲದೊಡನೆ ಪೈಪೋಟಿ ನಡೆಸಿ, ಉರಿಯೂತ ಕೆರಳಿಸುವ ಕಾವು ಕಡಿಮೆ ಇರುವ ವಸ್ತುಗಳನ್ನು ಹುಟ್ಟಿಸುತ್ತದೆ. ಮೀನಿನ ಬದಲು ಅಗಸೆ ಬೀಜ ಸಾಲದೇ ಎಂದು ಶಾಕಾಹಾರಿಗಳು ಕೇಳುತ್ತಾರೆ. ಅಗಸೆಯಲ್ಲಿರುವುದು ಬೇರೆ ಒಮೆಗಾ-3. ಅದರಲ್ಲಿ ಸ್ವಲ್ಪವೇ ನಮ್ಮ ಮೈಯಲ್ಲಿ ಇಪಿಎ ಆಗುತ್ತದೆ.

ಹಾಗೆಂದು ಮೀನೆಣ್ಣೆಯನ್ನು ಸಂಜೀವಿನಿ ಎಂದು ಮಾರುವವರ ಜೊತೆ ನಾನಿಲ್ಲ. 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ತೂಕ ಇಳಿಯುತ್ತಿದ್ದ 518 ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ 2 ಗ್ರಾಮ್, ಕೆಲವರಿಗೆ 4 ಗ್ರಾಮ್ ಇಪಿಎ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ನೋಡಿದರು. ಖಚಿತವಾಗಿ ಲಾಭವಿದೆ ಎನ್ನುವಂಥ ವ್ಯತ್ಯಾಸ ಸಿಗಲಿಲ್ಲ. ಆಮೇಲೆ ಕೀಮೋ ಪಡೆಯುತ್ತಿದ್ದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಸಣ್ಣ ಗುಂಪೊಂದರಲ್ಲಿ ಮೀನೆಣ್ಣೆ ತೆಗೆದುಕೊಂಡವರ ತೂಕ, ಸ್ನಾಯು ಉಳಿದವು. ಕೀಮೋ ನಡೆಯುತ್ತಿದ್ದು ತೂಕ ಇಳಿಯುತ್ತಿದ್ದರೆ ಕೊಟ್ಟು ನೋಡಬಹುದು ಎಂದು ಯುರೋಪಿನ ಅದೇ ಮಾರ್ಗಸೂಚಿ ಅಳುಕುತ್ತಲೇ ಹೇಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ಮುಟ್ಟಬಾರದು. ಮೀನು ಕೊಟ್ಟಿದ್ದರೆ ಅಪ್ಪ ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ತಿನ್ನಬೇಕೆನಿಸುತ್ತಿದ್ದ ಒಂದೇ ಒಂದು ಪದಾರ್ಥವನ್ನು, ಅದೂ ಒಳ್ಳೆಯ ಪ್ರೋಟೀನು ಇದ್ದದ್ದನ್ನು, ಅವರ ತಟ್ಟೆಯಿಂದ ನಾವೇ ಕಿತ್ತುಕೊಂಡೆವು ಎಂದು ಹೇಳುತ್ತಿದ್ದೇನೆ.

ತಡವಾಗಿಯಾದರೂ ಒಬ್ಬ ಆಹಾರತಜ್ಞೆ ಸಿಕ್ಕರು. ಅವರು ಮೊದಲು ಕೇಳಿದ್ದು "ಅಪ್ಪನಿಗೆ ಏನು ಇಷ್ಟ?" ಎಂದು. ಬಂಗುಡೆಯ ಗಸಿಗೆ ಖಾರ ತಗ್ಗಿಸಿದೆವು, ಏಕೆಂದರೆ ಬಾಯಿಯಲ್ಲಿ ಹುಣ್ಣು. ಬಿಸಿಯ ವಾಸನೆಗೆ ಓಕರಿಕೆ ಬರುತ್ತಿದ್ದುದರಿಂದ ಆರಿಸಿ ಕೊಟ್ಟೆವು. ಮೂರು ಹೊತ್ತಿನ ಊಟ ಆರು ಹೊತ್ತಿನದಾಯಿತು. ಮೊಟ್ಟೆ ಬಂತು, ಮೊಸರು ಬಂತು, ಅಂಗಳದಲ್ಲಿ ಬಾವಿಕಟ್ಟೆಯವರೆಗೆ ನಡಿಗೆ ಬಂತು. ಎರಡು ತಿಂಗಳು ತೂಕ 58ರಲ್ಲಿ ನಿಂತಿತು. ಆ ಎರಡು ತಿಂಗಳು ಅಪ್ಪ ತಾವೇ ಎದ್ದು ಸ್ನಾನಕ್ಕೆ ಹೋಗುತ್ತಿದ್ದರು.

ಕಳೆದ ವಾರ ಪರಿಚಯದ ಅಕ್ಕ ಒಬ್ಬರು ಫೋನು ಮಾಡಿದರು. ಭಾವನವರಿಗೆ ಜಠರದ ಕ್ಯಾನ್ಸರ್. "ಮೀನು ಕೊಡಬಹುದಾ? ನಂಜಲ್ಲವಾ?" ಎಂದು ಕೇಳಿದರು. ಆರು ತಿಂಗಳ ಹಿಂದೆ ಅವರ ತೂಕ ಎಷ್ಟಿತ್ತು ಎಂದೆ. ತಿಳಿಯದು ಎಂದರು. ಹಳೆಯ ಆಸ್ಪತ್ರೆ ಚೀಟಿ ಹುಡುಕಿ, ಇವತ್ತೇ ತೂಕ ನೋಡಿ, ಎರಡನ್ನೂ ಬರೆದುಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ, ಆಹಾರತಜ್ಞರನ್ನು ಕಾಣಬೇಕೆಂದು ಬಾಯಿಬಿಟ್ಟು ಕೇಳಿ ಎಂದೆ. ಮತ್ತೆ ಮೀನು? ಭಾವನವರಿಗೆ ಯಾವುದು ಇಷ್ಟವೋ ಅದನ್ನೇ ತನ್ನಿ, ಅಕ್ಕ.