ಕೊಡಚಾದ್ರಿಗೆ ಒಂದು ಕಾಲುದಾರಿ ಉಳಿಯಲಿ

ಸ್ವಿಟ್ಜರ್ಲೆಂಡಿನಲ್ಲಿ ಆಗಸ್ಟ್ 1 ರಾಷ್ಟ್ರೀಯ ದಿನ, ದೇಶಕ್ಕೆಲ್ಲ ರಜೆ. ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ ಆ ಹೊತ್ತಿಗೆ ಪುಷ್ಯ ಮಳೆ ಹಿಡಿದು ಕೊಡಚಾದ್ರಿಯ ನೆತ್ತಿ ಕಾಣದಂತಾಗಿರುತ್ತದೆ. ನಾನೀಗ ಇರುವ ಸ್ವಿಟ್ಜರ್ಲೆಂಡಿನಲ್ಲಿ ಅದು ನಡುಬೇಸಿಗೆ, ಮನೆಮಂದಿಯೆಲ್ಲ ಬೆಟ್ಟ ಹತ್ತುವ ಕಾಲ. ಈ ಸಲದ ರಜೆಯಲ್ಲಿ ನಾವು ಕೆಲವು ಕನ್ನಡ ಕುಟುಂಬಗಳವರು ಲುಸೆರ್ನ್ ಸರೋವರದ ದಡದಲ್ಲಿರುವ ವೆಗ್ಗಿಸ್‌ನಿಂದ ರಿಗಿ ಬೆಟ್ಟಕ್ಕೆ ನಡೆದು ಹೋದೆವು. ಸರೋವರವಿರುವುದು ಸಮುದ್ರಮಟ್ಟದಿಂದ ಸುಮಾರು 434 ಮೀಟರ್ ಎತ್ತರದಲ್ಲಿ, ರಿಗಿಯ ತುದಿ ಇರುವುದು 1,797 ಮೀಟರ್ ಎತ್ತರದಲ್ಲಿ. 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಕಡಲ ತಡಿಯಿಂದಲೇ ಹತ್ತಿದರೆ ಎಷ್ಟಾಗುವುದೋ ಹೆಚ್ಚುಕಡಿಮೆ ಅಷ್ಟೇ ಏರು. ಆ ಏರನ್ನು ಶಾಲೆಯ ಮಕ್ಕಳೂ ಎಪ್ಪತ್ತು ದಾಟಿದ ಹಿರಿಯರೂ ಯಾರನ್ನೂ ದಾರಿ ಕೇಳದೆ, ಅವಸರವಿಲ್ಲದೆ ಏರುತ್ತಿದ್ದರು.

ರಿಗಿಗೆ ನಡೆದೇ ಹೋಗಬೇಕೆಂಬ ಕಟ್ಟುಪಾಡೇನೂ ಇಲ್ಲ. ಯುರೋಪಿನ ಮೊದಲ ಬೆಟ್ಟದ ರೈಲು ಓಡಿದ್ದು ಈ ಬೆಟ್ಟದ ಮೇಲೆಯೇ, 1871ರಲ್ಲಿ. ರೈಲು ಬಂದು ಒಂದೂವರೆ ಶತಮಾನ ಕಳೆದರೂ ಅದರ ಪಕ್ಕದ ಕಾಲುದಾರಿ ಪಾಳು ಬಿದ್ದಿಲ್ಲ ಎಂಬುದೇ ನಾವು ಮಲೆನಾಡಿನವರು ಗಮನಿಸಬೇಕಾದ ಸಂಗತಿ. ಇದನ್ನು ಅಲ್ಲಿನ ಜನರ ಶಿಸ್ತು ಎಂದು ಹೊಗಳಿ ಮುಗಿಸುವುದು ಸುಲಭ, ಆದರೆ ಅದರ ಹಿಂದೆ ಕಾನೂನಿದೆ. 1979ರ ಜನಮತದಲ್ಲಿ ಅಲ್ಲಿನ ಮತದಾರರು ಕಾಲುದಾರಿಗಳ ಹೊಣೆಯನ್ನು ಸಂವಿಧಾನಕ್ಕೇ ಸೇರಿಸಿದರು. 1985ರ ಕಾಯ್ದೆಯ ಪ್ರಕಾರ ನಮ್ಮ ರಾಜ್ಯಗಳಂತಿರುವ ಕ್ಯಾಂಟನ್‌ಗಳು ತಮ್ಮ ವ್ಯಾಪ್ತಿಯ ನಡಿಗೆದಾರಿಗಳ ನಕ್ಷೆ ಮಾಡಿಸಬೇಕು, ಅವಕ್ಕೆ ಗುರುತು ಹಾಕಿಸಬೇಕು, ದುರಸ್ತಿಯನ್ನೂ ನೋಡಿಕೊಳ್ಳಬೇಕು. ರಸ್ತೆಗಾಗಿಯೋ ಕಟ್ಟಡಕ್ಕಾಗಿಯೋ ಒಂದು ಕಾಲುದಾರಿಯನ್ನು ತೆಗೆಯಲೇಬೇಕಾದರೆ ಅದಕ್ಕೆ ತಕ್ಕ ಬದಲಿ ದಾರಿ ಮಾಡಿಕೊಡಬೇಕು. ಉದ್ದಕ್ಕೂ ಡಾಂಬರು ಹಾಕಿ ನಡೆಯುವವರಿಗೆ ಒಗ್ಗದಂತೆ ಮಾಡಿದರೂ ದಾರಿಯನ್ನು ತೆಗೆದಂತೆಯೇ ಎಂದು ಕಾಯ್ದೆ ಬಗೆಯುತ್ತದೆ. ಇಂದು ಆ ಪುಟ್ಟ ದೇಶದಲ್ಲಿ ಗುರುತು ಹಾಕಿದ ನಡಿಗೆದಾರಿಗಳ ಒಟ್ಟು ಉದ್ದ 65,000 ಕಿಲೋಮೀಟರಿಗೂ ಹೆಚ್ಚು. ಕವಲಿನಲ್ಲಿ ನಿಂತ ಹಳದಿ ಫಲಕಗಳು ದೂರವನ್ನು ಹೇಳುವುದಿಲ್ಲ, ಮುಂದಿನ ಊರು ತಲುಪಲು ಎಷ್ಟು ಹೊತ್ತು ನಡೆಯಬೇಕೆಂದು ಹೇಳುತ್ತವೆ. ಕಡಿದಾದ ಬೆಟ್ಟದ ದಾರಿಯಾದರೆ ಬಂಡೆಯ ಮೇಲೆ ಬಿಳಿ, ಕೆಂಪು, ಬಿಳಿ ಪಟ್ಟೆ ಬಳಿದಿರುತ್ತದೆ.

ಹಾಗೆಂದು ನಮ್ಮವರಿಗೆ ಕಾಲುದಾರಿ ಹೊಸದಲ್ಲ. ಮಲೆನಾಡಿನ ಮನೆಗಳು ಒಂದಕ್ಕೊಂದು ದೂರ. ಗದ್ದೆಯ ಅಂಚು, ಅಡಿಕೆ ತೋಟದ ನಡುವಿನ ಹಾದಿ, ಹಳ್ಳಕ್ಕೆ ಹಾಕಿದ ಕಾಲುಸಂಕ, ಬೇಲಿ ದಾಟಲು ಅಡ್ಡಗೋಲು ಇಟ್ಟ ದಣಪೆ ಇವೇ ಊರನ್ನು ಹೆಣೆದಿದ್ದವು. ದಣಪೆ ದಾಟಿದವನು ಆ ಅಡ್ಡಗೋಲನ್ನು ಮತ್ತೆ ಹಾಕಿಯೇ ಹೋಗಬೇಕೆಂದು ನಮಗೆ ಚಿಕ್ಕಂದಿನಲ್ಲಿ ಕಲಿಸಿದಂತೆಯೇ ರಿಗಿಯ ಹುಲ್ಲುಗಾವಲಿನಲ್ಲಿ ದನ ಮೇಯುವ ಬೇಲಿಯ ಬಾಗಿಲನ್ನು ಪ್ರತಿಯೊಬ್ಬರೂ ಮುಚ್ಚಿ ಹೋಗುತ್ತಾರೆ. ಒಂದು ವಿಷಯದಲ್ಲಿ ನಮ್ಮ ರೀತಿಯೇ ಮೇಲು ಎಂದು ನನಗೆ ಇಂದಿಗೂ ಅನಿಸುತ್ತದೆ: ಆಲ್ಪ್ಸ್ ಪರ್ವತದ ಗುಡಿಸಲುಗಳಲ್ಲಿ ಮಲಗಲು ಮುಂಚಿತವಾಗಿ ಜಾಗ ಕಾದಿರಿಸಬೇಕು, ಆದರೆ ಕೊಡಚಾದ್ರಿ ಹತ್ತಿ ದಣಿದು ಬಂದವರಿಗೆ ಮೇಲಿನ ಅರ್ಚಕರ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲೂ ಅನ್ನ ಸಾರು ಸಿಗುತ್ತಿತ್ತು.

ಆ ಕೊಡಚಾದ್ರಿಗೆ ಈಗ ಬಹುಪಾಲು ಜನ ಹೋಗುವುದು ಜೀಪಿನಲ್ಲಿ. ಕಳೆದ ಬಾರಿ ಊರಿಗೆ ಹೋದಾಗ ನಾಗೋಡಿ ಕಡೆಯ ದಾರಿಯಲ್ಲಿ ಹತ್ತುತ್ತೇನೆಂದರೆ ದೊಡ್ಡಪ್ಪ, "ಜೀಪು ಹೋಗ್ತದಲ್ಲ ಮಾರಾಯ, ನಡ್ಕೊಂಡು ಯಾರು ಹೋಗ್ತಾರೆ ಈಗ?" ಎಂದರು. ಸರ್ವಜ್ಞ ಪೀಠದವರೆಗೂ ನಡೆದೇ ಹೋಗಿ ಬರುತ್ತಿದ್ದ ತಲೆಮಾರಿನವರು ಅವರು. ಜೀಪು ಓಡಿಸುವವರನ್ನು ನಾನು ದೂರುವುದಿಲ್ಲ. ಅದು ಅವರ ಹೊಟ್ಟೆಪಾಡು, ಮೊಣಕಾಲು ನೋವಿನ ಅಜ್ಜಿಗೂ ಬೆಟ್ಟ ನೋಡುವ ಹಕ್ಕಿದೆ. ನನ್ನ ಕಳವಳವಿರುವುದು ನಡೆದು ಹೋಗುವವನೂ ಹಲವೆಡೆ ಜೀಪಿನ ದಾರಿಯಲ್ಲೇ ಧೂಳು ಕುಡಿಯುತ್ತ ಹೋಗಬೇಕಾಗಿರುವುದರ ಬಗ್ಗೆ. ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಚಕ್ರದ ಗುಂಡಿ ಮರುವರ್ಷಕ್ಕೆ ಕೊರಕಲಾಗುತ್ತದೆ. ಹುಲ್ಲಿನ ಗುಡ್ಡದ ಮಣ್ಣು ಒಮ್ಮೆ ಕೊಚ್ಚಿ ಹೋದರೆ ಹಿಂದಿರುಗುವುದಿಲ್ಲ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ನೋಂದಣಿಯ ವ್ಯವಸ್ಥೆ ತಂದಿತು. ಅದು ಬೇಕಾಗಿದ್ದ ಕ್ರಮವೇ. ಆದರೆ ನೋಂದಣಿ ಎಷ್ಟು ಜನ ಹೋದರೆಂದು ಎಣಿಸುತ್ತದೆಯೇ ಹೊರತು ಅವರು ಕಾಲಿಡುವ ದಾರಿಯನ್ನು ಕಾಯುವುದಿಲ್ಲ. ಸ್ವಿಟ್ಜರ್ಲೆಂಡಿನ ಪದ್ಧತಿಯನ್ನು ಇದ್ದಂತೆಯೇ ತರಲೂ ಆಗದು. ಅಲ್ಲಿ ಕಾಡು ಮತ್ತು ಹುಲ್ಲುಗಾವಲು ಸ್ಥಳೀಯ ರೂಢಿಯ ಮೇರೆಗೆ ಎಲ್ಲರಿಗೂ ತೆರೆದಿರುತ್ತವೆ. ನಮ್ಮದು ಮೂಕಾಂಬಿಕಾ ಅಭಯಾರಣ್ಯ, ಕಾಟಿಯೂ ಕಾಳಿಂಗವೂ ಬಾಳುವ ಕಾಡು. ಇಂಬಳದ ಕಾಲದಲ್ಲಿ, ಅಂದರೆ ಮಳೆಗಾಲ ಪೂರ್ತಿ, ದಾರಿ ಮುಚ್ಚಿರುವುದೇ ಒಳ್ಳೆಯದು. ಉಳಿದ ತಿಂಗಳುಗಳಿಗೆ ಒಂದೇ ಒಂದು ಕಾಲುದಾರಿಗೆ ಗುರುತು ಹಾಕಿ, ಕನ್ನಡದ ಫಲಕಗಳಲ್ಲಿ ನಡಿಗೆಯ ಹೊತ್ತು ಬರೆಸಿ, ಜಾರುವ ಕಡೆ ಕಲ್ಲು ಕೂರಿಸಿ, ಆ ಕೆಲಸದ ಕೂಲಿಯನ್ನೂ ದಾರಿ ತೋರುವ ಸಂಬಳವನ್ನೂ ನಾಗೋಡಿ, ನಿಟ್ಟೂರು ಕಡೆಯ ಹುಡುಗರಿಗೇ ಕೊಟ್ಟರೆ ಹೆಚ್ಚಿನ ಖರ್ಚೇನೂ ಇಲ್ಲ.

ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಹಾಕುವ ಪ್ರಸ್ತಾಪವೂ ಬಂದಿದೆ. ಅಭಯಾರಣ್ಯದ ನೆತ್ತಿಯ ಮೇಲೆ ಅದು ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಂದು ವೇಳೆ ಬಂದೇ ಬರುವುದಾದರೆ, ಅದಕ್ಕೆ ಒಪ್ಪಿಗೆ ಕೊಡುವ ಕಡತದಲ್ಲಿಯೇ ಕಾಲುದಾರಿಯ ನಕ್ಷೆ, ಅದರ ವಾರ್ಷಿಕ ದುರಸ್ತಿಯ ಹಣ ಮತ್ತು ಅದಕ್ಕೆ ಉತ್ತರ ಕೊಡಬೇಕಾದ ಅಧಿಕಾರಿ ಯಾರೆಂಬುದು ಬರೆದಿರಬೇಕು. ಹೊಸನಗರದ ಜನ ತಮ್ಮ ಗ್ರಾಮಸಭೆಗಳಲ್ಲಿ ಈ ಷರತ್ತನ್ನು ಈಗಲೇ ಠರಾವು ಮಾಡಿ ಕಳಿಸಬೇಕು.